ಜೊಲ್ಲು ಸುರಿಸುವ ಗಿಡಕ್ಕಿಂತ ಸುಮ್ಮನಿರುವ ಗಿಡಕ್ಕೆ ಹೆದರಿ

ಪ್ರಶ್ನೆ: ನಮ್ಮ ಮನೆಯಲ್ಲಿ 2 ವರ್ಷದ ಬೆಕ್ಕಿದೆ. ಮುಂದಿನ ತಿಂಗಳು ಒಂದು ನಾಯಿಮರಿ ತರುವವರಿದ್ದೇವೆ. ಬಾಲ್ಕನಿಯಲ್ಲೂ ಒಳಗೂ ಕುಂಡಗಳಿವೆ: ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಪೀಸ್ ಲಿಲಿ, ಲೋಳೆಸರ, ಸ್ನೇಕ್ ಪ್ಲಾಂಟ್. ಗೇಟಿನ ಪಕ್ಕ ಕಣಗಿಲೆ ಇದೆ, ಹಾಗೇ ಒಂದು ಸೈಕಾಸ್ ಕೂಡ. ಮೊನ್ನೆ ಬೆಕ್ಕು ಮನಿ ಪ್ಲಾಂಟ್ ಎಲೆ ಕಚ್ಚಿ ಅರ್ಧ ಗಂಟೆ ಜೊಲ್ಲು ಸುರಿಸಿತು. ಗಾಬರಿಯಾಗಿ ಇಂಟರ್ನೆಟ್‌ನಲ್ಲಿ ನೋಡಿದರೆ ನಮ್ಮ ಗಿಡಗಳೆಲ್ಲ ವಿಷದ ಪಟ್ಟಿಯಲ್ಲೇ ಇವೆ. ಎಲ್ಲವನ್ನೂ ಎಸೆಯಬೇಕಾ? ಇನ್ನೊಮ್ಮೆ ತಿಂದರೆ ಮನೆಯಲ್ಲೇ ವಾಂತಿ ಮಾಡಿಸಬಹುದಾ?

ಉತ್ತರ: ಎಲ್ಲವನ್ನೂ ಎಸೆಯುವುದು ಬೇಡ. ನೀವು ಹೇಳಿದ 7 ಗಿಡಗಳಲ್ಲಿ ಎರಡು ಮಾತ್ರ ಮನೆ ಬಿಡಬೇಕು. ಕುಳ್ಳ ತಾಳೆಯಂತೆ ಕಾಣುವ ಸೈಕಾಸ್ ಮತ್ತು ಕಣಗಿಲೆ. ಅದೂ ನಾಯಿಮರಿ ಬರುವ ಮೊದಲೇ. ಉಳಿದ ಐದನ್ನು ಜಾಗ ಬದಲಿಸಿ ಇಟ್ಟುಕೊಳ್ಳಬಹುದು. ಮೊನ್ನೆ ನಿಮ್ಮ ಬೆಕ್ಕಿಗೆ ಆಗಿದ್ದು ಬಾಯಿ ಉರಿ, ಅಷ್ಟೇ. ವಾಂತಿ ಮಾಡಿಸುವ ಮಾತಿಗೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಮಾಡಿಸಬೇಡಿ ಅಂತ ಮಾತ್ರ ಹೇಳಿರುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ನೀವು ಹೆದರಿದ್ದು ಮನಿ ಪ್ಲಾಂಟ್‌ಗೆ. ಸೈಕಾಸ್ ಹೆಸರನ್ನು ಮಾತ್ರ ಕೊನೆಯಲ್ಲಿ, 'ಹಾಗೇ ಒಂದು' ಅಂತ ಸೇರಿಸಿದ್ದೀರಿ. ಪಶುವೈದ್ಯರಾದ ನಾವು ದಿನಾ ನೋಡುವುದೂ ಇದನ್ನೇ. ಕಚ್ಚಿದ ಕೂಡಲೇ ಜೊಲ್ಲು ಸುರಿಸಿ ರಂಪ ಮಾಡಿಸುವ ಗಿಡಗಳಿಗೆ ಜನ ಹೆದರುತ್ತಾರೆ, ಪ್ರಾಣಿಯನ್ನು ಎತ್ತಿಕೊಂಡು ಓಡಿ ಬರುತ್ತಾರೆ. ಆ ಪ್ರಾಣಿಗಳು ಬಹುಪಾಲು ಸಂಜೆಯೊಳಗೆ ಸರಿಹೋಗುತ್ತವೆ. ಇನ್ನು ಕೆಲವು ಗಿಡಗಳಿವೆ. ತಿಂದ ದಿನ ಒಂದೆರಡು ಸಲ ವಾಂತಿ ಮಾಡಿಸಿ, ಆಮೇಲೆ ಏನೂ ಆಗದ ಹಾಗೆ ಸುಮ್ಮನಾಗುತ್ತವೆ. ಅವುಗಳನ್ನು ತಿಂದ ಪ್ರಾಣಿ ನಮ್ಮ ಮೇಜಿನ ಮೇಲೆ ಬರುವುದು ಮೂರನೇ ದಿನ. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುವುದು ಸ್ವಲ್ಪವೇ.

ಪಟ್ಟಿಗಳನ್ನು ನೋಡಿದವರು ಕಂಗಾಲಾಗುವುದು ಇದು ಗೊತ್ತಾಗದೆ. ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯ ಗಿಡಗಳ ಪಟ್ಟಿಯನ್ನು ನಾನೂ ತೆರೆದು ನೋಡುತ್ತೇನೆ. ಒಳ್ಳೆಯ ಪಟ್ಟಿ. ಆದರೆ ಅದರಲ್ಲಿ ಗಿಡ ಒಂದೋ ವಿಷ, ಇಲ್ಲವೋ ವಿಷವಲ್ಲ. ಒಂದು ಗಂಟೆ ಬಾಯಿ ಉರಿಸುವ ಗಿಡಕ್ಕೂ ಮೂರು ದಿನದಲ್ಲಿ ಲಿವರ್ ಹಾಳು ಮಾಡುವ ಗಿಡಕ್ಕೂ ಒಂದೇ ಹಣೆಪಟ್ಟಿ. ಹೀಗಿದ್ದಾಗ ಎಲ್ಲದಕ್ಕೂ ಹೆದರಿ ಸುಸ್ತಾಗಿ, ಕೊನೆಗೆ ಯಾವುದಕ್ಕೂ ಹೆದರದೆ ಬಿಡುವವರೇ ಜಾಸ್ತಿ.

ಮೊದಲು ಮನಿ ಪ್ಲಾಂಟ್ ವಿಷಯ ಮುಗಿಸೋಣ. ಕೆಸುವಿನ ದಂಟು ಕೊಯ್ದು ಕೈ ತುರಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಪೀಸ್ ಲಿಲಿ, ಫಿಲೊಡೆಂಡ್ರಾನ್, ಮಾನ್‌ಸ್ಟೆರಾ, ಸಿಂಗೋನಿಯಂ, ಆಂಥೂರಿಯಂ ಎಲ್ಲವೂ ಕೆಸುವಿನ ಮನೆತನದವೇ. ಇವುಗಳ ಎಲೆ, ಕಾಂಡದೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣ ಸೂಜಿಗಳ ರೂಪದಲ್ಲಿ ಕಟ್ಟುಕಟ್ಟಾಗಿ ಕೂತಿರುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಹಲ್ಲಿಗೆ ಸಿಕ್ಕಿ ಎಲೆ ಒಡೆದರೆ ಸೂಜಿಗಳು ಹೊರಚಿಮ್ಮಿ ನಾಲಿಗೆಗೆ, ಒಸಡಿಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಬೆಕ್ಕು ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ತಲೆ ಕೊಡವುತ್ತದೆ, ಗದ್ದದ ಕೂದಲು ಜೊಲ್ಲಿಗೆ ತೊಯ್ದು ಜಡೆಗಟ್ಟುತ್ತದೆ. ನಾಯಿಯಾದರೆ ನೆಲಕ್ಕೋ ಗೋಡೆಗೋ ಮೂತಿ ಉಜ್ಜುತ್ತದೆ. ನೋಡುವವರಿಗೆ ಜೀವ ಹೋಗುತ್ತಿದೆಯೇನೋ ಅನ್ನಿಸುತ್ತದೆ. ಆದರೆ ಈ ಉರಿ ತಕ್ಷಣ ಹತ್ತುವುದರಿಂದಲೇ ಪ್ರಾಣಿ ಎರಡನೇ ತುತ್ತಿಗೆ ಹೋಗುವುದಿಲ್ಲ. ಗಿಡವೂ ಉಳಿಯುತ್ತದೆ, ಬೆಕ್ಕೂ ಉಳಿಯುತ್ತದೆ.

ಹೀಗಾದಾಗ ಒದ್ದೆ ಬಟ್ಟೆಯಿಂದ ಬಾಯಿಯ ಒಳಗೂ ಹೊರಗೂ ಮೆತ್ತಗೆ ಒರೆಸಿ. ಎಲೆಯ ಚೂರು ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಕುಡಿಯಲು ನೀರಿಡಿ. ಒಂದೆರಡು ಚಮಚ ಹಾಲು ಅಥವಾ ಮೊಸರು ತಾನಾಗಿ ನೆಕ್ಕಿದರೆ ನೆಕ್ಕಲಿ, ಉರಿ ಸ್ವಲ್ಪ ತಣಿಯುತ್ತದೆ. ಬಲವಂತವಾಗಿ ಬಾಯಿಗೆ ಸುರಿಯಬೇಡಿ. ಡೈಫೆನ್‌ಬೇಕಿಯಾ ಮಾತ್ರ ಈ ಮನೆತನದಲ್ಲಿ ಸ್ವಲ್ಪ ಜೋರಿನದು. ಅದರ ಕಾಂಡ ಅಗಿದ ಮನುಷ್ಯರಿಗೇ ನಾಲಿಗೆ ಊದಿ ಕೆಲ ಹೊತ್ತು ಮಾತು ನಿಂತುಬಿಡುತ್ತದೆ. ಇಂಗ್ಲಿಷ್‌ನಲ್ಲಿ ಅದನ್ನು 'ಡಂಬ್ ಕೇನ್' ಅನ್ನುವುದು ಅದಕ್ಕೇ, ಮೂಕ ಕೋಲು ಅಂದ ಹಾಗೆ. ಆದ್ದರಿಂದ ಮುಖ ಊದಿದರೆ, ಉಸಿರಾಡುವಾಗ ಗೊರಗೊರ ಸದ್ದು ಬಂದರೆ, ನೀರು ನುಂಗಲೂ ಆಗದಿದ್ದರೆ, ಕೆಲವು ಗಂಟೆ ಕಳೆದರೂ ಜೊಲ್ಲು ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಇಲ್ಲದಿದ್ದರೆ ಒಂದು ದಿನ ಮೆತ್ತನೆಯ ಊಟ ಕೊಡಿ, ಸಾಕು.

ಲೋಳೆಸರ ಮತ್ತು ಸ್ನೇಕ್ ಪ್ಲಾಂಟ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸ್ನೇಕ್ ಪ್ಲಾಂಟ್‌ನಲ್ಲಿ ಸಾಪೊನಿನ್ ಎಂಬ ನೊರೆ ಬರಿಸುವ ವಸ್ತುವಿದೆ. ಜಾಸ್ತಿ ತಿಂದರೆ ವಾಂತಿ, ಭೇದಿ. ಲೋಳೆಸರ ಎಂದರೆ ಮೈಗೆ ಒಳ್ಳೆಯದು ಅಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ಒಳಗಿನ ಲೋಳೆಯಿಂದ ಅಷ್ಟು ತೊಂದರೆಯಿಲ್ಲ. ಸಿಪ್ಪೆಯ ಕೆಳಗೆ ಹಳದಿ ರಸವೊಂದಿದೆ, ಕಹಿ. ಎಲೆ ಕತ್ತರಿಸಿ ನಿಲ್ಲಿಸಿದರೆ ಮೊದಲು ಇಳಿಯುವುದು ಅದೇ. ಅದು ಒಳ್ಳೆ ಜುಲಾಬಿನ ಔಷಧಿ. ಪ್ರಾಣಿ ಎಲೆ ಅಗಿಯುವಾಗ ಸಿಪ್ಪೆ ಸುಲಿದು ಅಗಿಯುವುದಿಲ್ಲವಲ್ಲ! ಭೇದಿಯಾಗುತ್ತದೆ, ಕೆಲವೊಮ್ಮೆ ಮೂತ್ರ ಕೆಂಪಾಗುತ್ತದೆ. ಮರಿಯಾದರೆ ಮೈಯಲ್ಲಿನ ನೀರು ಬೇಗ ಖಾಲಿಯಾಗುವುದರಿಂದ ತೋರಿಸಿಬಿಡುವುದು ಒಳ್ಳೆಯದು. ಇವೆರಡನ್ನೂ ಬೆಕ್ಕು, ಮರಿ ತಲುಪದ ಕಡೆ ಇಟ್ಟರೆ ಸಾಕು.

ಈಗ ಸುಮ್ಮನಿರುವ ಗಿಡಗಳಿಗೆ ಬರೋಣ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ಮೊದಲು ಹೇಳಬೇಕು. ಬೆಕ್ಕಿರುವ ಮನೆಗೆ ಅದಕ್ಕಿಂತ ಕೆಟ್ಟ ಅತಿಥಿ ಇನ್ನೊಂದಿಲ್ಲ. ಅದು ಲಿಲಿ. ಹೂಗುಚ್ಛಗಳಲ್ಲಿ ಬರುತ್ತದಲ್ಲ, ದೊಡ್ಡ ತುತ್ತೂರಿಯಂಥ ಹೂವು, ನಡುವೆ ಕಿತ್ತಳೆಯೋ ಕಂದೋ ಬಣ್ಣದ ಪುಡಿ ಮೆತ್ತಿದ ಕೇಸರಗಳು, ಅದೇ.

ಒಂದು ಸಲ ಒಂದು ಬಿಳಿ ಬೆಕ್ಕು ಬಂದಿತ್ತು. ಕಿವಿಯ ಹಿಂದೆ ಕಿತ್ತಳೆ ಬಣ್ಣದ ಸಣ್ಣ ಕಲೆ. ಮನೆಯವರು ಅದನ್ನು ತುಕ್ಕು ಅಂದುಕೊಂಡಿದ್ದರು. ಮೂರು ದಿನದ ಹಿಂದೆ ಮನೆಗೆ ಹೂಗುಚ್ಛ ಬಂದಿತ್ತು, ಬೆಕ್ಕು ಅದರ ಪಕ್ಕ ಕಿಟಕಿಯಲ್ಲಿ ಮಲಗುತ್ತಿತ್ತು. ಹೂವು ತಿಂದದ್ದನ್ನು ಯಾರೂ ನೋಡಿಲ್ಲ. ಎಲೆಯ ಮೇಲೆ ಹಲ್ಲಿನ ಗುರುತೂ ಇಲ್ಲ. ಮೊದಲ ದಿನ ಎರಡು ಸಲ ವಾಂತಿ, ಆಮೇಲೆ ಸರಿಯಾಯಿತು. ಎರಡನೇ ದಿನ ಸ್ವಲ್ಪ ಮಂಕಾಗಿತ್ತು, ನೀರು ಜಾಸ್ತಿ ಕುಡಿಯಿತು. 'ನೀರು ಕುಡೀತಿದೆ, ಹುಷಾರಾಗ್ತಿದೆ ಅಂದುಕೊಂಡ್ವಿ' ಅಂದರು. ಮೂರನೇ ದಿನ ಬೆಕ್ಕು ಮೂತ್ರ ಮಾಡುವ ಮಣ್ಣಿನ ತಟ್ಟೆ ಒಣಗಿಯೇ ಇತ್ತು. ನಾನು ಹೊಟ್ಟೆ ಮುಟ್ಟಿ ನೋಡಿದಾಗ ಮೂತ್ರಚೀಲ ಕೈಗೆ ಸಿಗಲೇ ಇಲ್ಲ. ಕಿಡ್ನಿಗಳು ಮೂತ್ರ ಮಾಡುವುದನ್ನೇ ನಿಲ್ಲಿಸಿದ್ದವು. ಆ ಬೆಕ್ಕು ಉಳಿಯಲಿಲ್ಲ.

ಪರಾಗ ಮೈಗೆ ಮೆತ್ತಿಕೊಂಡಿತ್ತು, ಬೆಕ್ಕು ಎಂದಿನಂತೆ ಮೈ ನೆಕ್ಕಿಕೊಂಡಿತ್ತು. ಅಷ್ಟೇ ನಡೆದದ್ದು. ಲಿಲಿಯ ಹೂವು, ಎಲೆ, ಕಾಂಡ, ಪರಾಗ, ಕೊನೆಗೆ ಹೂದಾನಿಯಲ್ಲಿ ನಿಂತ ನೀರು ಕೂಡ ಬೆಕ್ಕಿನ ಕಿಡ್ನಿಗೆ ವಿಷ. ಇದರಲ್ಲಿರುವ ವಿಷವಸ್ತು ಯಾವುದು ಅಂತ ವಿಜ್ಞಾನಿಗಳು ಇನ್ನೂ ಹೆಸರಿಟ್ಟು ಗುರುತಿಸಿಲ್ಲ, ಹಾಗಾಗಿ ಪ್ರತಿವಿಷವೂ ಇಲ್ಲ. ಇರುವುದು ಒಂದೇ ದಾರಿ: ಬೇಗ ಡ್ರಿಪ್ ಹಾಕಿ ಎರಡು ಮೂರು ದಿನ ಕಿಡ್ನಿಗಳನ್ನು ತೊಳೆಯುತ್ತಾ ಇರುವುದು. ತಿಂದ 18 ಗಂಟೆಯೊಳಗೆ ಚಿಕಿತ್ಸೆ ಶುರುವಾದರೆ ಹೆಚ್ಚಿನ ಬೆಕ್ಕುಗಳು ಉಳಿಯುತ್ತವೆ. ಮೂತ್ರ ನಿಂತ ಮೇಲೆ ಬಂದರೆ ಉಳಿಯುವುದು ತೀರಾ ಕಡಿಮೆ. ಇನ್ನೊಂದು ಮನೆಯವರು ಬೆಕ್ಕಿನ ಮೂಗಿನ ಮೇಲೆ ಕಿತ್ತಳೆ ಪುಡಿ ಕಂಡ ಕೂಡಲೇ ಟವೆಲಿನಲ್ಲಿ ಸುತ್ತಿ, ಹೂವಿನ ಸಮೇತ ಹೊತ್ತು ತಂದರು. ವಾಂತಿಯೂ ಶುರುವಾಗಿರಲಿಲ್ಲ. ಮೂರು ದಿನ ಡ್ರಿಪ್ ಹಾಕಿಸಿಕೊಂಡು, ನಮ್ಮ ಕಾಂಪೌಂಡರ್ ಕೈಯನ್ನು ಎರಡು ಕಡೆ ಪರಚಿ, ಮನೆಗೆ ಹೋಯಿತು. ಈಗಲೂ ಚೆನ್ನಾಗಿದೆ. ವಿಚಿತ್ರ ಏನೆಂದರೆ, ಇದೇ ಹೂವನ್ನು ನಾಯಿ ತಿಂದರೆ ಹೊಟ್ಟೆ ಕೆಡುತ್ತದೆ, ಅಷ್ಟೇ. ಕಿಡ್ನಿಗೆ ಏನೂ ಆಗುವುದಿಲ್ಲ. ಗಿಡದ ಹೆಸರಿನ ಜೊತೆ ತಿಂದದ್ದು ಯಾರು ಅಂತಲೂ ನಾವು ಕೇಳುವುದು ಅದಕ್ಕೇ.

ಹಾಗಾದರೆ ನಿಮ್ಮ ಪೀಸ್ ಲಿಲಿ? ಅದು ಹೆಸರಿಗೆ ಮಾತ್ರ ಲಿಲಿ. ಮೊದಲೇ ಹೇಳಿದ ಹಾಗೆ ಕೆಸುವಿನ ಮನೆತನದ್ದು, ಬಾಯಿ ಉರಿಸುತ್ತದೆ. ಕ್ಯಾಲಾ ಲಿಲಿಯೂ ಅಷ್ಟೇ. ಈಸ್ಟರ್ ಲಿಲಿ, ಟೈಗರ್ ಲಿಲಿ, ಏಷ್ಯಾಟಿಕ್ ಲಿಲಿ, ಸ್ಟಾರ್‌ಗೇಜರ್ ಇವೆಲ್ಲ ನಿಜವಾದ ಲಿಲಿಗಳು. ಡೇ ಲಿಲಿ ಬೇರೆ ಜಾತಿಯದಾದರೂ ಬೆಕ್ಕಿನ ಕಿಡ್ನಿಗೆ ಅದೇ ಗತಿ ಕಾಣಿಸುತ್ತದೆ. ಇಂಗ್ಲಿಷ್‌ನಲ್ಲಿ ಗ್ಲೋರಿ ಲಿಲಿ ಅನ್ನಿಸಿಕೊಳ್ಳುವ ನಮ್ಮ ಅಗ್ನಿಶಿಖೆಯ ದಾರಿಯೇ ಬೇರೆ. ಅದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಭಾರಿ ವಿಷವಿದೆ, ಬೆಕ್ಕು ನಾಯಿ ಮನುಷ್ಯ ಅಂತ ಭೇದ ಮಾಡುವುದಿಲ್ಲ. ಲಿಲಿ ಆಫ್ ದಿ ವ್ಯಾಲಿ ಎಂಬ ಇನ್ನೊಂದು ಗಿಡ ಹೃದಯಕ್ಕೆ ಕೈ ಹಾಕುತ್ತದೆ. ಹೆಸರು ಒಂದೇ, ಸಂಬಂಧ ಇಲ್ಲ. ನರ್ಸರಿಯಲ್ಲಿ ಗಿಡ ಕೊಳ್ಳುವಾಗ ಕರೆಯುವ ಹೆಸರಿನ ಜೊತೆ ಸಸ್ಯಶಾಸ್ತ್ರದ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿ. 'ಲಿಲಿಯಂ' (ನಿಜವಾದ ಲಿಲಿ) ಅಂತಲೋ 'ಹೆಮರೊಕಾಲಿಸ್' (ಡೇ ಲಿಲಿ) ಅಂತಲೋ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಹೂಗುಚ್ಛದಲ್ಲಿ ಬಂದರೆ ಬಾಗಿಲ ಹೊರಗೇ ನಿಲ್ಲಿಸಿ. ಕೇಸರ ಕತ್ತರಿಸಿ ಒಳಗಿಟ್ಟರೆ ಆಗುತ್ತಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಎಸಳೂ ಎಲೆಯೂ ಉಳಿದಿರುತ್ತವಲ್ಲ.

ಇನ್ನು ಸೈಕಾಸ್. ನಾಯಿಗೆ ಇದು ಬೆಕ್ಕಿಗೆ ಲಿಲಿ ಇದ್ದ ಹಾಗೆ. ಬೆಕ್ಕಿಗೂ ವಿಷವೇ, ಆದರೆ ಸಿಕ್ಕಿಬೀಳುವುದು ನಾಯಿಗಳೇ. ನೋಡಲು ಕುಳ್ಳ ತಾಳೆಮರದಂತೆ ಕಾಣುತ್ತದೆ, ಸಾಗೋ ಪಾಮ್ ಅಂತ ಕರೆಯುತ್ತಾರೆ. ಪಾಮ್ ಜಾತಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಅದು ಡೈನೋಸಾರ್‌ಗಳಿಗಿಂತ ಹಳೆಯ ವಂಶದ್ದು, ಹೂವೇ ಬಿಡುವುದಿಲ್ಲ. ಹೆಣ್ಣು ಗಿಡದ ನೆತ್ತಿಯಲ್ಲಿ ಕಿತ್ತಳೆಗೆಂಪು ಬೀಜಗಳು ಕೂರುತ್ತವೆ. ನಯವಾಗಿ, ಉರುಟಾಗಿ, ಮರಿಗಳ ಬಾಯಿಗೆ ಹೇಳಿ ಮಾಡಿಸಿದ ಆಟಿಕೆ. ಒಂದೆರಡು ಬೀಜ ನಾಯಿಯ ಪ್ರಾಣ ತೆಗೆಯಲು ಸಾಕು. ಬೀಜವಿಲ್ಲದ ಗಂಡು ಗಿಡವಾದರೂ ನೆಮ್ಮದಿಯಿಲ್ಲ, ಎಲೆ, ಬೇರು, ಬುಡ ಎಲ್ಲದರಲ್ಲೂ ವಿಷವಿದೆ.

ಅದರಲ್ಲಿರುವ ವಸ್ತುವಿನ ಹೆಸರು ಸೈಕಾಸಿನ್. ಹೊಟ್ಟೆಗೆ ಹೋದ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ. ಒಡೆದಾಗ ಹುಟ್ಟುವ ವಸ್ತು ರಕ್ತಕ್ಕೆ ಸೇರಿ ಲಿವರ್ ಅನ್ನು ಸುಡುತ್ತದೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿಯಾಗುತ್ತದೆ, ನಾಯಿ ಸ್ವಲ್ಪ ಮಂಕಾಗುತ್ತದೆ. ಏನೋ ತಿಂದಿದೆ, ಕಕ್ಕಿತು, ಸರಿಹೋಗುತ್ತೆ ಅಂತ ಮನೆಯವರು ಸುಮ್ಮನಾಗುತ್ತಾರೆ. ಎರಡು ಮೂರು ದಿನಕ್ಕೆ ಊಟ ಬಿಡುತ್ತದೆ. ತುಟಿ ಮೇಲೆತ್ತಿ ನೋಡಿದರೆ ಒಸಡು ಹಳದಿ. ಲಿವರ್ ಕೈಕೊಟ್ಟರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಮಲ ಟಾರಿನ ಹಾಗೆ ಕಪ್ಪಾಗುತ್ತದೆ. ಕೆಲವಕ್ಕೆ ಫಿಟ್ಸ್ ಬರುತ್ತದೆ. ಆ ಹಂತದಲ್ಲಿ ಬಂದ ನಾಯಿಗಳನ್ನು ಎಷ್ಟು ಹೆಣಗಾಡಿದರೂ ಎಲ್ಲವನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ತಿಂದ ಗಂಟೆಯೊಳಗೆ ಬಂದು, ಹೊಟ್ಟೆ ಖಾಲಿ ಮಾಡಿಸಿಕೊಂಡು, ಇದ್ದಿಲಿನ ಔಷಧಿ ತೆಗೆದುಕೊಂಡ ನಾಯಿಯ ಕಥೆಯೇ ಬೇರೆ.

ನೀವು ಮರಿ ತರುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೂರರಿಂದ ಆರು ತಿಂಗಳ ನಡುವೆ ಮರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ. ಒಸಡು ಕಡಿಯುತ್ತಿರುತ್ತದೆ, ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಚಪ್ಪಲಿ, ಕುರ್ಚಿ ಕಾಲು, ಚಾರ್ಜರ್ ವೈರ್, ಕುಂಡದ ಬುಡ. ಅದಕ್ಕೆ ಬೈದು ಪ್ರಯೋಜನವಿಲ್ಲ, ಪಾಪ.

ಕಣಗಿಲೆಯ ಕೆಲಸ ಹೃದಯದ ಮೇಲೆ. ಹೃದಯದ ಸ್ನಾಯುವಿನ ಪ್ರತಿ ಕೋಶದಲ್ಲೂ ಸೋಡಿಯಂ, ಪೊಟ್ಯಾಸಿಯಂಗಳನ್ನು ಒಳಗೆ ಹೊರಗೆ ಸಾಗಿಸುವ ಪಂಪ್‌ಗಳಿವೆ. ಕಣಗಿಲೆಯ ಓಲಿಯಾಂಡ್ರಿನ್ ಆ ಪಂಪ್ ಅನ್ನು ಕಟ್ಟಿಹಾಕುತ್ತದೆ. ಮಿಡಿತ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ, ಕೊನೆಗೆ ನಿಲ್ಲುತ್ತದೆ. ಹಸಿ ಎಲೆ ತುಂಬಾ ಕಹಿ, ಬಹಳ ಪ್ರಾಣಿಗಳು ತಾವಾಗಿ ಮುಟ್ಟುವುದಿಲ್ಲ ನಿಜ. ಆದರೆ ಗಿಡ ಸವರಿದ ದಿನ ಕೊಂಬೆಗಳು ನೆಲದ ಮೇಲೆ ಬಿದ್ದಿರುತ್ತವೆ. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ಮರಿ ಆ ಕಡ್ಡಿಯನ್ನು ಕಚ್ಚಿಕೊಂಡು ಓಡುತ್ತದೆ, ಅದು ಅದರ ಆಟ. ಹಳದಿ ಹೂವಿನ ಕಣಗಿಲೆ ಬೇರೆ ಜಾತಿಯ ಗಿಡ, ವಿಷ ಮಾತ್ರ ಇದೇ ಬಗೆಯದು. ಅದರ ಬೀಜ ಇನ್ನೂ ಕೆಟ್ಟದ್ದು. ಗೇಟಿನ ಪಕ್ಕದ ಗಿಡವನ್ನು ಕಡಿಯಲು ಮನಸ್ಸಿಲ್ಲದಿದ್ದರೆ ಮರಿಯ ಬಾಯಿ ತಲುಪದಂತೆ ಗಟ್ಟಿ ಬೇಲಿ ಹಾಕಿ, ಉದುರಿದ ಎಲೆಯನ್ನು ದಿನಾ ಗುಡಿಸಬೇಕಾಗುತ್ತದೆ. ಯಾರು ದಿನಾ ಗುಡಿಸುತ್ತಾರೆ? ಅದಕ್ಕೇ ತೆಗೆದುಬಿಡಿ ಅಂದದ್ದು. ತೆಗೆದ ಕೊಂಬೆಗಳನ್ನು ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ.

ಅಂಗಳ ಇರುವುದರಿಂದ ಇನ್ನೂ ನಾಲ್ಕು ಹೆಸರು ನೆನಪಿರಲಿ. ಹರಳು ಗಿಡ ಮತ್ತು ಗುಲಗಂಜಿ, ಎರಡರಲ್ಲೂ ವಿಷ ಬೀಜದೊಳಗಿದೆ. ಇಡೀ ನುಂಗಿದರೆ ಗಟ್ಟಿ ಸಿಪ್ಪೆಯ ದಯೆಯಿಂದ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತದೆ, ಅಗಿದರೆ ಕೇಡು. ದತ್ತೂರಿ ತಿಂದ ನಾಯಿಯ ಕಣ್ಣಿನ ಪಾಪೆ ಬಿಸಿಲಲ್ಲೂ ಅಗಲವಾಗಿರುತ್ತದೆ, ಬಾಯಿ ಒಣಗಿರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಇಲ್ಲದ್ದನ್ನು ಕಂಡಂತೆ ಗಾಳಿಗೆ ಬೊಗಳುತ್ತದೆ. ನಾಲ್ಕನೆಯದು ಯಾರೂ ಅನುಮಾನಿಸದ ಗಿಡ. ಯೆಸ್ಟರ್‌ಡೇ ಟುಡೇ ಟುಮಾರೋ ಅಂತ ಕರೆಯುತ್ತಾರಲ್ಲ, ಹೂವು ಅರಳುವಾಗ ನೇರಳೆ, ಮಾರನೇ ದಿನ ತಿಳಿ ನೇರಳೆ, ಆಮೇಲೆ ಬಿಳಿ. ಅದರ ಕಾಯಿ, ಬೀಜ ನಾಯಿಗಳಿಗೆ ಯಾಕೋ ಇಷ್ಟ. ತಿಂದರೆ ಮೈ ನಡುಗಿ, ಕಾಲು ಸೆಟೆದು ಫಿಟ್ಸ್ ಬರುತ್ತದೆ. ಯಾರೋ ವಿಷ ಹಾಕಿದರು ಅಂತ ಅಕ್ಕಪಕ್ಕದವರ ಮೇಲೆ ಸಂಶಯಪಟ್ಟು ಬಂದವರಿದ್ದಾರೆ. ಕೇಳುತ್ತಾ ಹೋದರೆ ಗಿಡ ಅವರ ಹಿತ್ತಲಲ್ಲೇ ಇರುತ್ತದೆ.

ಗಿಡ ಬಿಡಿ, ಕುಂಡದ ಮಣ್ಣನ್ನೂ ಒಮ್ಮೆ ನೋಡಿ. ಮರಿಗಳು ಕುಂಡ ಕೆದಕುವುದು ಹೆಚ್ಚಾಗಿ ಗಿಡಕ್ಕಾಗಿ ಅಲ್ಲ, ಗೊಬ್ಬರದ ವಾಸನೆಗೆ. ಮೂಳೆ ಪುಡಿ ನಾಯಿಗೆ ಊಟದ ಹಾಗೆ ಕಾಣುತ್ತದೆ. ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗಿ ಕೂರಬಹುದು. ಹರಳಿನ ಹಿಂಡಿ ಅದಕ್ಕಿಂತ ಕೆಟ್ಟದ್ದು. ಎಣ್ಣೆ ತೆಗೆದ ಮೇಲೆ ರೈಸಿನ್ ಎಂಬ ವಿಷ ಎಣ್ಣೆಯ ಜೊತೆ ಹೋಗುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಬಿಸಿ ಮಾಡಿ ವಿಷ ತೆಗೆಯದ ಹಿಂಡಿಯನ್ನು ಸಾವಯವ ಗೊಬ್ಬರ ಅಂತ ಹಾಕಿ, ಗಿಡ ಸುರಕ್ಷಿತ ಅಂತ ನಿಶ್ಚಿಂತೆಯಿಂದ ಇದ್ದು ನಾಯಿ ಕಳೆದುಕೊಂಡ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಬಸವನ ಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳನ್ನಂತೂ ಪ್ರಾಣಿ ಇರುವ ಮನೆಗೆ ತರಲೇಬೇಡಿ.

ಬೆಕ್ಕು ನಾಯಿ ಎರಡೂ ಇರುವ ಮನೆ ಅಂದಿರಿ. ಹಾಗಾಗಿ ಒಂದು ಅಡ್ಡಮಾತು. ಸೇವಂತಿಗೆಯ ಬಂಧು ಗಿಡವೊಂದರ ಹೂವಿನಿಂದ ಪೈರೆಥ್ರಿನ್ ಎಂಬ ಕೀಟನಾಶಕ ತೆಗೆಯುತ್ತಾರೆ. ಅದನ್ನೇ ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು ಪರ್ಮೆಥ್ರಿನ್. ನಾಯಿಯ ಕತ್ತಿಗೆ ಹಾಕುವ ಉಣ್ಣೆ, ಚಿಗಟದ ಹನಿ ಔಷಧಿಗಳಲ್ಲಿ ಕೆಲವದರಲ್ಲಿ ಇದು ಇರುತ್ತದೆ. ನಾಯಿಗೆ ತೊಂದರೆಯಿಲ್ಲ. ಬೆಕ್ಕಿನ ಲಿವರ್‌ಗೆ ಇದನ್ನು ಬೇಗ ಒಡೆದು ಹೊರಹಾಕುವ ಶಕ್ತಿಯಿಲ್ಲ, ಮೈಯೆಲ್ಲ ಅದುರಿ ಫಿಟ್ಸ್ ಬಂದು ಸಾಯಬಹುದು. ಹನಿ ಹಾಕಿದ ನಾಯಿಯ ಜೊತೆ ಬೆಕ್ಕು ಅಂಟಿಕೊಂಡು ಮಲಗಿದರೂ, ಅದರ ಕತ್ತು ನೆಕ್ಕಿದರೂ ಸಾಕು. ಮರಿಗೆ ಔಷಧಿ ಬರೆಸುವಾಗ ಮನೆಯಲ್ಲಿ ಬೆಕ್ಕಿದೆ ಅಂತ ವೈದ್ಯರಿಗೆ ಹೇಳಿ.

ಈರುಳ್ಳಿ, ಬೆಳ್ಳುಳ್ಳಿಯೂ ಸುಮ್ಮನಿರುವ ಗುಂಪಿನವೇ. ತಿಂದ ದಿನ ಏನೂ ಕಾಣುವುದಿಲ್ಲ. ಕೆಲವು ದಿನದ ಮೇಲೆ ಕೆಂಪು ರಕ್ತಕಣಗಳು ಒಡೆದು ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದಾಗುತ್ತದೆ. ಬೆಕ್ಕಿಗೆ ತೂಕದ ಪ್ರತಿ ಕಿಲೋಗೆ 5 ಗ್ರಾಂ ಈರುಳ್ಳಿಯೇ ಜಾಸ್ತಿ. ಅಂದರೆ 4 ಕಿಲೋದ ಬೆಕ್ಕಿಗೆ 20 ಗ್ರಾಂ. ಬೇಯಿಸಿದರೂ ವಿಷ ಹೋಗುವುದಿಲ್ಲ.

ಈಗ ವಾಂತಿಯ ಪ್ರಶ್ನೆ. ಬೆಕ್ಕಿಗೆ ಮನೆಯಲ್ಲಿ ವಾಂತಿ ಮಾಡಿಸುವ ಸುರಕ್ಷಿತ ದಾರಿ ಒಂದೂ ಇಲ್ಲ. ನಾಯಿಗೂ ವೈದ್ಯರು ಫೋನಿನಲ್ಲಿ ಹೇಳದೆ ಮಾಡಿಸಬಾರದು. ಉಪ್ಪುನೀರು ಕುಡಿಸುವವರು ಈಗಲೂ ಇದ್ದಾರೆ. ಉಪ್ಪು ರಕ್ತಕ್ಕೆ ಸೇರಿ ಮಿದುಳು ಕೆಡುತ್ತದೆ, ಗಿಡದಿಂದ ಸಾಯದ ನಾಯಿ ಉಪ್ಪಿನಿಂದ ಸಾಯಬಹುದು. ಗಂಟಲಿಗೆ ಬೆರಳು ಹಾಕುವುದರಿಂದ ನಿಮ್ಮ ಬೆರಳಿಗೆ ಗಾಯ, ಅದಕ್ಕೆ ಪ್ರಯೋಜನವಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ ಎಲ್ಲೋ ಓದಿರುತ್ತೀರಿ. ಬೆಕ್ಕಿನ ಹೊಟ್ಟೆಯ ಒಳಪದರವನ್ನು ಅದು ಸುಟ್ಟು ರಕ್ತ ಬರಿಸುತ್ತದೆ. ಮಂಕಾಗಿರುವ, ನಡುಗುತ್ತಿರುವ ಪ್ರಾಣಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಣ್ಣೆ, ತುಪ್ಪ ಬಾಯಿಗೆ ಸುರಿದರೂ ಅದೇ ಅಪಾಯ. ಬಾಯಿ ಉರಿಸುವ ಗಿಡವಾದರೆ ಅದೇ ಸೂಜಿ ಎರಡನೇ ಸಲ ಗಂಟಲು ಹಾದು ಬರುತ್ತದೆ. ನಮ್ಮ ಹತ್ತಿರ ಇದಕ್ಕೆ ಇಂಜೆಕ್ಷನ್ ಇದೆ, ನಾಯಿಯಾದರೆ ಬೇಗನೇ ಹೊಟ್ಟೆ ಖಾಲಿಯಾಗುತ್ತದೆ. ಆದರೆ ತಿಂದ ಸುಮಾರು 2 ಗಂಟೆಯೊಳಗೆ ಬಂದರೆ ಮಾತ್ರ ಲಾಭ ಜಾಸ್ತಿ. ಮನೆಮದ್ದು ಮಾಡುತ್ತಾ ಕಳೆಯುವುದು ಆ 2 ಗಂಟೆಯನ್ನೇ.

ನೀವು ಮಾಡಬೇಕಾದದ್ದು ಇಷ್ಟು. ಪ್ರಾಣಿಯನ್ನು ಗಿಡದಿಂದ ದೂರ ಒಯ್ಯಿರಿ, ಬಾಯಿ ಒರೆಸಿ. ಮೈಗೆ ಪರಾಗವೋ ಹಾಲಿನಂಥ ರಸವೋ ಅಂಟಿದ್ದರೆ ನೆಕ್ಕಲು ಬಿಡದೆ ಟವೆಲಿನಲ್ಲಿ ಸುತ್ತಿ ಒದ್ದೆ ಬಟ್ಟೆಯಿಂದ ತೆಗೆಯಿರಿ. ವೈದ್ಯರಿಗೆ ಫೋನ್ ಮಾಡಿ. ಹೊರಡುವಾಗ ಗಿಡದ ಒಂದು ಟೊಂಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ, ಇಡೀ ಗಿಡದ ಫೋಟೋ ತೆಗೆದುಕೊಳ್ಳಿ. 'ಹಸಿರು ಗಿಡ ಡಾಕ್ಟ್ರೇ, ಎಲೆ ಉದ್ದಕ್ಕಿರುತ್ತೆ' ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ವಾಂತಿ ಮಾಡಿದ್ದರೆ ಅದನ್ನೂ ತನ್ನಿ. ಅಸಹ್ಯ ಪಡಬೇಡಿ, ಅದರಲ್ಲಿ ಸಿಗುವ ಒಂದು ಬೀಜದ ಚೂರಿನಿಂದ ನಮಗೆ ಅರ್ಧ ದಾರಿ ಸಿಕ್ಕಿರುತ್ತದೆ. ಎಷ್ಟು ಹೊತ್ತಿಗೆ ತಿಂದಿತು, ಎಷ್ಟು ತಿಂದಿರಬಹುದು, ಪ್ರಾಣಿಯ ತೂಕ ಎಷ್ಟು, ಇವನ್ನು ಹೇಳಿ. ಲಿಲಿ, ಸೈಕಾಸ್, ಕಣಗಿಲೆ, ಹರಳು ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಪ್ರಾಣಿ ಕುಣಿಯುತ್ತಾ ಇದ್ದರೂ ಹೊರಡಿ. ಚೆನ್ನಾಗಿ ಕಾಣುತ್ತಿರುವಾಗ ಬಂದ ಪ್ರಾಣಿಗೇ ನಾವು ಏನಾದರೂ ಮಾಡಲು ಸಾಧ್ಯ.

ಬೆಕ್ಕು ಯಾಕೆ ಎಲೆ ತಿನ್ನುತ್ತದೆ, ಹೊಟ್ಟೆ ಸರಿಯಿಲ್ಲವಾ ಅಂತಲೂ ನಿಮಗೆ ಅನ್ನಿಸಿರಬಹುದು. ಹಾಗೇನಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಬೆಕ್ಕು ಸಾಕಿದವರನ್ನು ಕೇಳಿ ನೋಡಿದ್ದಾರೆ. ಬಹಳಷ್ಟು ಬೆಕ್ಕುಗಳು ಹುಲ್ಲು, ಎಲೆ ತಿನ್ನುತ್ತವೆ. ತಿನ್ನುವ ಮೊದಲು ಕಾಯಿಲೆಯಂತೆ ಕಂಡದ್ದು ಕೆಲವೇ, ತಿಂದು ಆಗಾಗ ವಾಂತಿ ಮಾಡುವುದು ಸುಮಾರು ನಾಲ್ಕರಲ್ಲಿ ಒಂದು. ಅದು ಅವುಗಳ ಹುಟ್ಟುಗುಣ. ಹಾಗಾಗಿ ತಡೆಯುವ ಬದಲು ಅದಕ್ಕೇ ಅಂತ ಒಂದು ಕುಂಡ ಕೊಟ್ಟುಬಿಡಿ. ಗೋಧಿ ಅಥವಾ ಓಟ್ಸ್ ಕಾಳು ಬಿತ್ತಿ, ವಾರದಲ್ಲಿ ಹುಲ್ಲು ಬೆರಳುದ್ದ ಬರುತ್ತದೆ. ಬೆಕ್ಕು ಕೂರುವ ಕಿಟಕಿಯಲ್ಲೇ ಅದನ್ನಿಟ್ಟು, ಮನಿ ಪ್ಲಾಂಟ್ ಅನ್ನು ಸೂರಿನಿಂದ ತೂಗಿಬಿಡಿ, ಬಳ್ಳಿ ಕೆಳಗೆ ಜೋಲದ ಹಾಗೆ ಆಗಾಗ ಕತ್ತರಿಸಿ. ಕಪಾಟಿನ ಮೇಲಿಟ್ಟರೆ ಸಾಲದು, ಬೆಕ್ಕಿಗೆ ಕಪಾಟು ಮೆಟ್ಟಿಲಿದ್ದ ಹಾಗೆ.

ಸೈಕಾಸ್ ಹೋದ ಜಾಗ ಬೋಳಾಗಿ ಕಾಣುತ್ತದೆ ಅನ್ನುವುದಾದರೆ ಅರೆಕಾ ಪಾಮ್ ಇಡಿ. ಅದು ನಿಜವಾದ ಪಾಮ್, ಬೆಕ್ಕಿಗೂ ನಾಯಿಗೂ ವಿಷವಲ್ಲ. ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಕ್ಯಾಲತಿಯಾ, ಆಫ್ರಿಕನ್ ವಯಲೆಟ್ ಕೂಡ ಆಗುತ್ತವೆ. ಗುಲಾಬಿಯ ಮುಳ್ಳೊಂದು ಬಿಟ್ಟರೆ ತೊಂದರೆಯಿಲ್ಲ. ವಿಷವಲ್ಲ ಅಂದ ಮಾತ್ರಕ್ಕೆ ಇಡೀ ಗಿಡ ಮೇಯಲು ಬಿಡಬೇಡಿ, ಹೊಟ್ಟೆ ತುಂಬ ಸೊಪ್ಪು ತಿಂದರೆ ಬೆಕ್ಕು ನಿಮ್ಮ ಚಾಪೆಯ ಮೇಲೇ ಕಕ್ಕುತ್ತದೆ.

ಇನ್ನು ಆ ಸೈಕಾಸ್ ಅನ್ನು ಏನು ಮಾಡುವುದು ಅಂತ ಕೇಳುತ್ತೀರಿ. ದೊಡ್ಡ ಕುಂಡದ್ದು, ವರ್ಷಗಟ್ಟಲೆ ಬೆಳೆಸಿರುತ್ತೀರಿ, ಹೊಟ್ಟೆ ಉರಿಯುವುದು ಸಹಜ. ಕಡಿಯಬೇಡಿ, ಯಾರಿಗಾದರೂ ಕೊಡಿ. ಆದರೆ ನಾಯಿ ಬೆಕ್ಕು ಇಲ್ಲದ, ಸಣ್ಣ ಮಕ್ಕಳೂ ಇಲ್ಲದ ಮನೆ ನೋಡಿ ಕೊಡಿ, ಕೊಡುವಾಗ ಇದು ವಿಷದ ಗಿಡ ಅಂತ ಬಾಯಿ ಬಿಟ್ಟು ಹೇಳಿ ಕೊಡಿ. ಕುಂಡ ಎತ್ತಿದ ಮೇಲೆ ಆ ಜಾಗದಲ್ಲಿ ಉದುರಿದ ಬೀಜ ಬಿದ್ದಿದೆಯಾ ಅಂತ ಮೊಣಕಾಲೂರಿ, ನಾಯಿಮರಿಯ ಎತ್ತರಕ್ಕೆ ಬಗ್ಗಿ, ಒಂದು ಸಲ ನೋಡಿ.